ಪಾಚಿಯ ಹಸಿರು ಬಟ್ಟಲಲ್ಲಿ ಮಂಗನ ಕಾಯಿಲೆಯ ಲಸಿಕೆ ಬೆಳೆಯಬಹುದೇ?

ಪ್ರಶ್ನೆ: ನಾನು ಸೊರಬ ತಾಲ್ಲೂಕಿನ ಹಳ್ಳಿಯವಳು. ಶಿವಮೊಗ್ಗದಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಏಕಕೋಶದ ಹಸಿರು ಪಾಚಿಯಲ್ಲಿ ಬೆಳಕಿನಿಂದ ಆಹಾರ ತಯಾರಿಸುವ ಹಸಿರು ಭಾಗವಾದ ಕ್ಲೋರೋಪ್ಲಾಸ್ಟಿಗೆ ಹೊರಗಿನ ಜೀನ್ ಸೇರಿಸಿ ಲಸಿಕೆಯ ಪ್ರೋಟೀನ್ ತಯಾರಿಸುತ್ತಾರೆ ಎಂದು ತರಗತಿಯಲ್ಲಿ ಕೇಳಿದೆ. ಕೋಶಕೇಂದ್ರವನ್ನು ಬಿಟ್ಟು ಕ್ಲೋರೋಪ್ಲಾಸ್ಟನ್ನೇ ಏಕೆ ಆರಿಸುತ್ತಾರೆ? ನಮ್ಮ ಭಾಗದ ಮಂಗನ ಕಾಯಿಲೆಗೆ ಹೀಗೆ ಲಸಿಕೆ ಮಾಡಬಹುದೇ? ಅಂತಹ ಪಾಚಿ ಹಳ್ಳಕ್ಕೋ ಕೆರೆಗೋ ಸೇರಿದರೆ ಏನು ಗತಿ? ನಮ್ಮ ಮನೆಯ ಹಿಂದಿನ ಕೆರೆಯ ಪಾಚಿಯನ್ನೇ ಇದಕ್ಕೆ ಬಳಸಬಹುದೇ?

ಉತ್ತರ: ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಎರಡನೆಯದೇ ನನ್ನನ್ನು ಬರೆಯಲು ಕೂರಿಸಿತು. 1957ರಲ್ಲಿ ನಿಮ್ಮದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಜಗತ್ತಿಗೆ ತಿಳಿದುಬಂದ ಕಾಯಿಲೆ ಅದು. ನಾನು ತೀರ್ಥಹಳ್ಳಿ ಕಡೆಯವನು. ಕಾಡಿನಲ್ಲಿ ಮಂಗ ಸತ್ತಿದೆ ಎಂಬ ಸುದ್ದಿ ಬಂದ ವಾರ ಯಾರೂ ಕೊಟ್ಟಿಗೆಗೆ ಹಾಸುವ ಸೊಪ್ಪು ತರುವ ಸೊಪ್ಪಿನಬೆಟ್ಟಕ್ಕೆ ಕಾಲಿಡದೆ, ಕೊಟ್ಟಿಗೆಯಲ್ಲಿ ದನಗಳು ಬರಿ ನೆಲದ ಮೇಲೆ ಮಲಗಿದ್ದನ್ನು ಕಂಡಿದ್ದೇನೆ. ಪಾಚಿಯ ಕೋಶಗಳೊಂದಿಗೆ ವರ್ಷಗಟ್ಟಲೆ ಕೆಲಸ ಮಾಡುವಾಗ ನಿಮ್ಮ ಈ ಪ್ರಶ್ನೆ ನನ್ನ ಮನಸ್ಸಿಗೂ ಮತ್ತೆ ಮತ್ತೆ ಬಂದಿದೆ. ಅದಕ್ಕೆ ನೇರವಾದ ಉತ್ತರ ಕೊಡಬೇಕಾದರೆ ಮೊದಲು ಕೋಶದ ಒಳಗೆ ಹೋಗಿ ಬರಬೇಕು.

ಈ ಕೆಲಸಕ್ಕೆ ಹೆಚ್ಚಾಗಿ ಬಳಸುವ ಪಾಚಿಯ ಹೆಸರು ಕ್ಲಾಮಿಡೋಮೊನಾಸ್ ರೀನ್‌ಹಾರ್ಟಿ. ಪ್ರಯೋಗಾಲಯಗಳಲ್ಲಿ ಬೆಳೆಯುವ ಅದರ ಮುಖ್ಯ ತಳಿಯನ್ನು 1945ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಮ್ಹರ್ಸ್ಟ್ ಬಳಿಯ ಆಲೂಗಡ್ಡೆ ಹೊಲದ ಮಣ್ಣಿನಿಂದ ಬೇರ್ಪಡಿಸಿದರು. ಒಂದು ಕೋಶದ ಅಗಲ ಸುಮಾರು ಹತ್ತು ಮೈಕ್ರಾನ್. ನೂರು ಕೋಶಗಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಮಿಲಿಮೀಟರ್ ಆದೀತು. ಮುಂದೆ ಈಜಲು ಎರಡು ಬಾಲದೆಳೆಗಳು, ಪಕ್ಕದಲ್ಲಿ ಬೆಳಕನ್ನು ಗುರುತಿಸುವ ಕಿತ್ತಳೆ ಬಣ್ಣದ ಚುಕ್ಕೆ, ಒಳಗೆ ಬಟ್ಟಲಿನ ಆಕಾರದ ಒಂದೇ ಒಂದು ಕ್ಲೋರೋಪ್ಲಾಸ್ಟ್. ಕೋಶದ ಸುಮಾರು ಅರ್ಧದಷ್ಟು ಜಾಗವನ್ನು ಈ ಬಟ್ಟಲೇ ತುಂಬಿರುತ್ತದೆ. ಎಲೆಯ ಕೋಶದಲ್ಲಿ ಹತ್ತಾರು ಕ್ಲೋರೋಪ್ಲಾಸ್ಟುಗಳಿರುತ್ತವೆ, ಇಲ್ಲಿ ಒಂದೇ. ನಮಗೆ ಇದು ದೊಡ್ಡ ಅನುಕೂಲ.

ಕ್ಲೋರೋಪ್ಲಾಸ್ಟ್ ಒಂದು ಕಾಲಕ್ಕೆ ಸ್ವತಂತ್ರವಾಗಿ ಬದುಕುತ್ತಿದ್ದ ಸೈನೋಬ್ಯಾಕ್ಟೀರಿಯ, ಅಂದರೆ ಬೆಳಕಿನಿಂದ ಆಹಾರ ತಯಾರಿಸುವ ಬ್ಯಾಕ್ಟೀರಿಯ. ನೂರು ಕೋಟಿ ವರ್ಷಕ್ಕೂ ಹಿಂದೆ ದೊಡ್ಡ ಕೋಶವೊಂದರೊಳಗೆ ಸೇರಿ ಅಲ್ಲೇ ನೆಲೆಯೂರಿತು. ತನ್ನ ಬಹುಪಾಲು ಜೀನ್‌ಗಳನ್ನು ಮನೆಯ ಯಜಮಾನನಾದ ಕೋಶಕೇಂದ್ರಕ್ಕೆ ಒಪ್ಪಿಸಿದರೂ ಸ್ವಂತ ಡಿಎನ್‌ಎಯನ್ನು ಪೂರ್ತಿ ಬಿಟ್ಟುಕೊಡಲಿಲ್ಲ. ಈ ಪಾಚಿಯ ಕೋಶಕೇಂದ್ರದಲ್ಲಿ 17 ವರ್ಣತಂತುಗಳಲ್ಲಿ ಹರಡಿದ ಸುಮಾರು 11 ಕೋಟಿ ಡಿಎನ್‌ಎ ಅಕ್ಷರಗಳಿದ್ದರೆ (ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ ಅದು), ಕ್ಲೋರೋಪ್ಲಾಸ್ಟಿನ ವರ್ತುಲಾಕಾರದ ಡಿಎನ್‌ಎಯಲ್ಲಿ ಇರುವುದು ಸುಮಾರು ಎರಡು ಲಕ್ಷ ಅಕ್ಷರ, ನೂರರ ಆಸುಪಾಸಿನ ಜೀನ್‌ಗಳು. ಆದರೆ ಆ ಚಿಕ್ಕ ಪುಸ್ತಕದ ಸುಮಾರು 80 ಪ್ರತಿಗಳು ಒಂದೇ ಬಟ್ಟಲಲ್ಲಿರುತ್ತವೆ. ಈ ಎಂಬತ್ತನ್ನು ನೆನಪಿಡಿ, ಮುಂದಿನ ತೊಂದರೆಯೆಲ್ಲ ಅದರದೇ.

ಈಗ ಮೊದಲ ಪ್ರಶ್ನೆ. ಕೋಶಕೇಂದ್ರಕ್ಕೆ ಹೊರಗಿನ ಜೀನ್ ಕಳುಹಿಸಿದರೆ ಅದು ಎಲ್ಲಿ ಬೇಕಾದರೂ ಹೋಗಿ ಕೂರುತ್ತದೆ. ಕೆಲವೊಮ್ಮೆ ಪಾಚಿಗೆ ಬೇಕಾದ ಜೀನೊಂದರ ಮಧ್ಯಕ್ಕೇ ನುಗ್ಗಿ ಅದನ್ನು ಕೆಡಿಸುತ್ತದೆ. ಸರಿಯಾದ ಜಾಗದಲ್ಲಿ ಕೂತರೂ ಕೆಲವು ವಾರಗಳ ನಂತರ ಕೋಶ ಅದರ ಬಾಯಿ ಮುಚ್ಚಿಸುವುದುಂಟು. ಕ್ಲೋರೋಪ್ಲಾಸ್ಟಿನಲ್ಲಿ ಹಾಗಿಲ್ಲ. ಅಡಿಕೆ ತೋಟದಲ್ಲಿ ಮರ ಸತ್ತ ಜಾಗಕ್ಕೆ ಹೊಸ ಸಸಿ ನೆಡುವುದನ್ನು ನೆನೆಸಿಕೊಳ್ಳಿ. ಎಡಕ್ಕೆ ಯಾವ ಮರ, ಬಲಕ್ಕೆ ಯಾವ ಮರ ಎಂಬುದನ್ನು ನೋಡಿಯೇ ಗುಂಡಿ ಗುರುತಿಸುತ್ತೇವೆ. ಹಾಗೆಯೇ ನಮ್ಮ ಜೀನಿನ ಎರಡು ಬದಿಗೂ ಕ್ಲೋರೋಪ್ಲಾಸ್ಟಿನದೇ ಡಿಎನ್‌ಎಯ ಸುಮಾರು ಸಾವಿರ ಅಕ್ಷರಗಳನ್ನು ಹೊಂದಿಸಿ ಕಳುಹಿಸುತ್ತೇವೆ. ಬ್ಯಾಕ್ಟೀರಿಯದ ಪೂರ್ವಜರಿಂದ ಬಂದ ದುರಸ್ತಿ ಯಂತ್ರಾಂಗ ಆ ಎರಡು ಅಂಚುಗಳನ್ನು ಗುರುತು ಹಿಡಿದು, ಹಳೆಯ ತುಂಡನ್ನು ತೆಗೆದು, ಅದೇ ಜಾಗದಲ್ಲಿ ಹೊಸದನ್ನು ಕೂರಿಸುತ್ತದೆ. ಕೋಶಕೇಂದ್ರದಲ್ಲಿ ಜೀನ್‌ಗಳ ಬಾಯಿ ಮುಚ್ಚಿಸುವ ವ್ಯವಸ್ಥೆ ಕ್ಲೋರೋಪ್ಲಾಸ್ಟಿನಲ್ಲಿ ಇಲ್ಲ. ಕ್ಲೋರೋಪ್ಲಾಸ್ಟಿಗೆ ಮಣೆ ಹಾಕಲು ನನ್ನ ದೃಷ್ಟಿಯಲ್ಲಿ ಇದೇ ಮುಖ್ಯ ಕಾರಣ. ಪ್ರೋಟೀನ್ ರಾಶಿ ರಾಶಿ ಸಿಗುತ್ತದೆ ಎಂಬುದು ಎರಡನೆಯ ಮಾತು, ಅದನ್ನು ಹಲವರು ಉಬ್ಬಿಸಿ ಹೇಳುತ್ತಾರೆ. ಹೊರಗಿನ ಪ್ರೋಟೀನ್ ಸಾಮಾನ್ಯವಾಗಿ ಕೋಶದ ಕರಗುವ ಪ್ರೋಟೀನಿನಲ್ಲಿ ನೂರಕ್ಕೆ ಐದನ್ನು ದಾಟುವುದಿಲ್ಲ, ಎಷ್ಟೋ ಸಲ ಒಂದನ್ನೂ ಮುಟ್ಟುವುದಿಲ್ಲ.

ಜೀನನ್ನು ಒಳಗೆ ಕಳುಹಿಸುವ ಬಗೆ ಹೇಳುತ್ತೇನೆ. 1988ರಲ್ಲಿ ಅಮೆರಿಕದ ಜಾನ್ ಬಾಯ್ನ್‌ಟನ್, ನಿಕೊಲಸ್ ಗಿಲ್‌ಹ್ಯಾಮ್ ಮತ್ತು ಸಂಗಡಿಗರು ಡಿಎನ್‌ಎ ಲೇಪಿಸಿದ ಟಂಗ್‌ಸ್ಟನ್ ಕಣಗಳನ್ನು ಗುಂಡಿನಂತೆ ಹಾರಿಸಿ, ಯಾವುದೇ ಜೀವಿಯ ಕ್ಲೋರೋಪ್ಲಾಸ್ಟಿಗೆ ಜೀನ್ ಸೇರಿಸಿದ ಮೊದಲಿಗರಾದರು. ಅವರು ಆರಿಸಿಕೊಂಡದ್ದು ಇದೇ ಪಾಚಿಯನ್ನು, ಅದೂ ದ್ಯುತಿಸಂಶ್ಲೇಷಣೆಗೆ ಬೇಕಾದ ಜೀನೊಂದು ಕೆಟ್ಟುಹೋಗಿದ್ದ ತಳಿಯನ್ನು. ಈ ಪಾಚಿ ಅಸಿಟೇಟನ್ನು (ವಿನೆಗರಿನ ಆಮ್ಲದ ಲವಣ) ಆಹಾರವಾಗಿ ಕೊಟ್ಟರೆ ಕತ್ತಲಲ್ಲಿಯೂ ಬದುಕುತ್ತದೆ. ಆದ್ದರಿಂದ ಸೂರ್ಯನ ಬೆಳಕನ್ನು ಬಳಸಲಾರದ ರೋಗಿಷ್ಠ ತಳಿಯನ್ನೂ ಸಾಕಿಕೊಳ್ಳಬಹುದು. ಸರಿಯಾದ ಜೀನ್ ಸೇರಿಸಿ, ಅಸಿಟೇಟ್ ಇಲ್ಲದ ತಟ್ಟೆಯಲ್ಲಿಟ್ಟು ಬೆಳಕಿಗೆ ಒಡ್ಡಿದರೆ, ದುರಸ್ತಿಯಾದ ಕೋಶ ಮಾತ್ರ ಹಸಿರು ಚುಕ್ಕೆಯಾಗಿ ಮೇಲೇಳುತ್ತದೆ. ಉಳಿದ ಲಕ್ಷಾಂತರ ಕೋಶಗಳು ಬಿಳಿಚಿ ಸಾಯುತ್ತವೆ.

ಇಂದು ಟಂಗ್‌ಸ್ಟನ್ ಬದಲು ಚಿನ್ನದ ಕಣಗಳನ್ನು ಬಳಸುವುದೇ ಹೆಚ್ಚು. ಅರ್ಧ ಮೈಕ್ರಾನಿನಷ್ಟು ಸಣ್ಣ ಕಣಗಳಿಗೆ ಡಿಎನ್‌ಎ ಅಂಟಿಸಿ, ಆಲ್ಕೋಹಾಲಿನಲ್ಲಿ ತೊಳೆದು, ತೆಳು ಹಾಳೆಯ ಮೇಲೆ ಹರಡಿ ಒಣಗಿಸುತ್ತೇವೆ. ಗಾಳಿ ಹೀರಿ ತೆಗೆದ ಪೆಟ್ಟಿಗೆಯೊಳಗೆ ಪಾಚಿ ಹರಡಿದ ಅಗರ್ ತಟ್ಟೆಯನ್ನಿಟ್ಟು, ಹೀಲಿಯಂ ಒತ್ತಡ ಏರಿಸುತ್ತಾ ಹೋದರೆ ಅನಿಲವನ್ನು ತಡೆದಿಟ್ಟ ತಡೆಬಿಲ್ಲೆ ‘ಟಪ್’ ಎಂದು ಒಡೆದು ಕಣಗಳು ಪಾಚಿಯತ್ತ ಹಾರುತ್ತವೆ. ಅಷ್ಟೇ ಸದ್ದು. ತಟ್ಟೆ ಹೊರತೆಗೆದಾಗ ಹಸಿರಿನ ನಡುವೆ ಕಂದು ಧೂಳು ಚೆಲ್ಲಿದಂತೆ ಕಾಣುತ್ತದೆ. ಆ ಧೂಳೇ ಚಿನ್ನ. ಈ ಜೀನ್ ಬಂದೂಕು ದುಬಾರಿ ಎಂದು ಎದೆಗುಂದಬೇಡಿ, ಕೋಶಭಿತ್ತಿ ಇಲ್ಲದ ತಳಿಯನ್ನು ಆರಿಸಿಕೊಂಡರೆ ಡಿಎನ್‌ಎ ಜೊತೆಗೆ ಸಣ್ಣ ಗಾಜಿನ ಮಣಿಗಳನ್ನು ಹಾಕಿ ಹದಿನೈದು ಸೆಕೆಂಡು ಜೋರಾಗಿ ಅಲುಗಾಡಿಸಿದರೂ ಕೆಲಸ ನಡೆಯುತ್ತದೆ. ಅದಕ್ಕೆ ಬೇಕಾದ ಕುಲುಕುವ ಯಂತ್ರ ಜಿಲ್ಲಾ ಕೇಂದ್ರಗಳ ಎಷ್ಟೋ ಕಾಲೇಜುಗಳಲ್ಲಿ ಇದೆ.

ಕಷ್ಟ ಇರುವುದು ಗುಂಡು ಹಾರಿಸಿದ ಮೇಲೆ. ಎಂಬತ್ತು ಪ್ರತಿಗಳಲ್ಲಿ ಮೊದಲಿಗೆ ಬದಲಾಗುವುದು ಒಂದೋ ಎರಡೋ. ಮಿಕ್ಕವೆಲ್ಲ ಹಳೆಯವೇ. ನಿಮ್ಮ ಮನೆಯಲ್ಲಿ ಬೀಜದ ಭತ್ತ ಇಡುತ್ತಿದ್ದರೆ ಈ ಸ್ಥಿತಿ ನಿಮಗೆ ಗೊತ್ತಿರುತ್ತದೆ: ಗದ್ದೆಯಲ್ಲಿ ಬೆರಕೆ ತೆನೆ ಕಂಡಲ್ಲೆಲ್ಲ ಕಿತ್ತು ಹಾಕಬೇಕು, ಮರುವರ್ಷ ಮತ್ತೆ ಕೀಳಬೇಕು, ಒಂದು ವರ್ಷ ಉದಾಸೀನ ಮಾಡಿದರೆ ಬೆರಕೆಯೇ ಮೇಲುಗೈ ಪಡೆಯುತ್ತದೆ. ಇಲ್ಲಿ ಬೆರಕೆ ಕೀಳುವ ಕೈ ಎಂದರೆ ಸ್ಪೆಕ್ಟಿನೋಮೈಸಿನ್ ಎಂಬ ಪ್ರತಿಜೀವಕ. ಅದು ಬ್ಯಾಕ್ಟೀರಿಯದ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುವ ಮದ್ದು. ಕ್ಲೋರೋಪ್ಲಾಸ್ಟಿನ ಪ್ರೋಟೀನ್ ಯಂತ್ರವೂ ಬ್ಯಾಕ್ಟೀರಿಯದ ಬಗೆಯದೇ ಆದ್ದರಿಂದ ಅದೂ ನಿಲ್ಲುತ್ತದೆ. ನಮ್ಮ ಜೀನಿನ ಜೊತೆಗೆ ಈ ಮದ್ದನ್ನು ನಿಷ್ಕ್ರಿಯಗೊಳಿಸುವ ಜೀನನ್ನೂ ಸೇರಿಸಿ ಕಳುಹಿಸಿದರೆ, ಹೊಸ ಪ್ರತಿ ಹೆಚ್ಚಿರುವ ಕೋಶ ಚೆನ್ನಾಗಿ ಬೆಳೆಯುತ್ತದೆ. ಅದರಿಂದ ಒಂದೇ ಕೋಶದಿಂದ ಬೆಳೆದ ಗುಂಪನ್ನು (ವಸಾಹತನ್ನು) ಎತ್ತಿ ಹೊಸ ತಟ್ಟೆಯ ಮೇಲೆ ಗೀರುತ್ತೇವೆ. ವಾರ ಎರಡು ವಾರ ಕಾಯುತ್ತೇವೆ. ಮತ್ತೆ ಎತ್ತುತ್ತೇವೆ, ಮತ್ತೆ ಗೀರುತ್ತೇವೆ. ಎಂಬತ್ತೂ ಪ್ರತಿ ಒಂದೇ ಆಗುವವರೆಗೆ ಬಿಡುವಂತಿಲ್ಲ.

ಇಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು, ಏಕೆಂದರೆ ನೀವು ಮುಂದೆ ಈ ಕೆಲಸಕ್ಕೆ ಇಳಿದರೆ ಇದೇ ಹಳ್ಳಕ್ಕೆ ಬೀಳಬಾರದು. ಬೆಂಗಳೂರಿನ ಪ್ರಯೋಗಾಲಯದಲ್ಲಿದ್ದ ದಿನಗಳಲ್ಲಿ ನಾಲ್ಕು ಸುತ್ತು ಗೀರಿದ ಮೇಲೆ ಪಿಸಿಆರ್ (ಬೇಕಾದ ಡಿಎನ್‌ಎ ತುಂಡನ್ನು ಹಲವು ಪಟ್ಟು ಹೆಚ್ಚಿಸಿ ತೋರಿಸುವ ಪರೀಕ್ಷೆ) ಮಾಡಿ ನೋಡಿದೆ. ಡಿಎನ್‌ಎ ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಹೊಸ ಜೀನಿನ ಪಟ್ಟಿ ಸ್ಪಷ್ಟವಾಗಿ ಬೆಳಗುತ್ತಿತ್ತು. ಸಂತೋಷದಿಂದ ಪ್ರತಿಜೀವಕ ನಿಲ್ಲಿಸಿ ಪಾಚಿಯನ್ನು ಸಾಧಾರಣ ದ್ರಾವಣಕ್ಕೆ ವರ್ಗಾಯಿಸಿದೆ. ಎರಡು ತಿಂಗಳ ನಂತರ ಪ್ರೋಟೀನ್ ಹುಡುಕಿದರೆ ಸುಳಿವೇ ಇಲ್ಲ. ನನ್ನ ಪರೀಕ್ಷೆ ‘ಹೊಸದು ಇದೆಯೇ?’ ಎಂದು ಮಾತ್ರ ಕೇಳಿತ್ತು, ‘ಹಳೆಯದು ಹೋಗಿದೆಯೇ?’ ಎಂದು ಕೇಳಿರಲಿಲ್ಲ. ಪರೀಕ್ಷೆ ಎಲ್ಲಿಂದ ಎಲ್ಲಿಯವರೆಗೆ ಎಂದು ಗುರುತು ಹಾಕುವ ಪುಟ್ಟ ಡಿಎನ್‌ಎ ಚೂರುಗಳು, ಅಂದರೆ ಎರಡೂ ಪ್ರೈಮರ್‌ಗಳು, ಹೊಸ ಜೀನಿನ ಒಳಗೇ ಅಂಟುವಂತಿದ್ದವು. ಹಳೆಯ ಪ್ರತಿಗಳು ಅಡಗಿ ಕೂತಿದ್ದವು, ಮದ್ದಿನ ಒತ್ತಡ ಹೋದ ಕೂಡಲೇ ಹರಡಿಕೊಂಡವು. ಅಂದಿನಿಂದ ಸೇರ್ಪಡೆಯ ಹೊರಗಿನ ಎರಡು ಅಂಚಿಗೆ ಅಂಟುವ ಪ್ರೈಮರ್ ಬಳಸುತ್ತೇನೆ. ಹಳೆಯ ಪ್ರತಿ ಇದ್ದರೆ ಗಿಡ್ಡ ಪಟ್ಟಿ, ಹೊಸದಿದ್ದರೆ ಉದ್ದ ಪಟ್ಟಿ. ಗಿಡ್ಡ ಪಟ್ಟಿ ನೆರಳಿನಷ್ಟು ಕಂಡರೂ ಇನ್ನೊಂದು ಸುತ್ತು ಗೀರಬೇಕು.

ಇನ್ನು ನಿಮ್ಮ ಮನಸ್ಸಿನಲ್ಲಿರುವ ಲಸಿಕೆ. ಈ ಬಟ್ಟಲಿನಲ್ಲಿ ಏನು ಸಾಧ್ಯ ಎಂಬುದಕ್ಕೆ ಗಟ್ಟಿಯಾದ ಉದಾಹರಣೆಗಳಿವೆ. 2003ರಲ್ಲಿ ಸ್ಟೀಫನ್ ಮೇಫೀಲ್ಡ್ ಅವರ ತಂಡ ಹರ್ಪಿಸ್ ವೈರಸ್ಸಿಗೆ ಅಂಟುವ ಮಾನವ ಪ್ರತಿಕಾಯವನ್ನು ಪಾಚಿಯ ಕ್ಲೋರೋಪ್ಲಾಸ್ಟಿನಲ್ಲಿ ತಯಾರಿಸಿತು. 2012ರಲ್ಲಿ ಮಲೇರಿಯಾ ಪರಾವಲಂಬಿಯ ಒಂದು ಮೇಲ್ಮೈ ಪ್ರೋಟೀನನ್ನು ಹೀಗೆಯೇ ತಯಾರಿಸಿ ಇಲಿಗಳಿಗೆ ಚುಚ್ಚಿದಾಗ, ಸೊಳ್ಳೆಯೊಳಗೆ ಪರಾವಲಂಬಿ ಬೆಳೆಯದಂತೆ ತಡೆಯುವ ಪ್ರತಿಕಾಯಗಳು ಹುಟ್ಟಿದವು. ಮಲೇರಿಯಾ ಪ್ರೋಟೀನಿಗೆ ಕ್ಲೋರೋಪ್ಲಾಸ್ಟ್ ಹೇಳಿ ಮಾಡಿಸಿದಂತೆ ಹೊಂದಿದ್ದಕ್ಕೆ ಕಾರಣವಿದೆ. ಆ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳಲು ಪ್ರೋಟೀನಿನ ಎರಡು ಜಾಗಗಳನ್ನು ಬಿಗಿಯುವ ಗಂಧಕದ ಸೇತುವೆಗಳು ಹಲವು ಬೇಕು, ಆದರೆ ಅದಕ್ಕೆ ಸಕ್ಕರೆಯ ಸರಪಳಿ ಅಂಟಿರಬಾರದು. ಕ್ಲೋರೋಪ್ಲಾಸ್ಟ್ ಗಂಧಕದ ಸೇತುವೆ ಕಟ್ಟಬಲ್ಲದು, ಸಕ್ಕರೆ ಅಂಟಿಸಲಾರದು. ಎರಡೂ ಬಗೆಯಲ್ಲಿ ಒಪ್ಪಿತು.

ಮಂಗನ ಕಾಯಿಲೆಯ ವೈರಸ್ ಡೆಂಗಿ ವೈರಸ್ಸಿನ ಬಳಗದ್ದು, ಉಣುಗಿನ ಮೂಲಕ ಹರಡುತ್ತದೆ. ಈ ಬಳಗದ ವೈರಸ್‌ಗಳ ಹೊರಕವಚದಲ್ಲಿ ‘ಇ’ ಎಂಬ ಪ್ರೋಟೀನ್ ಇರುತ್ತದೆ, ನಮ್ಮ ದೇಹದ ಪ್ರತಿಕಾಯಗಳು ಮುಖ್ಯವಾಗಿ ಗುರಿಯಿಡುವುದು ಅದಕ್ಕೇ. ಇಡೀ ಪ್ರೋಟೀನನ್ನು ಕ್ಲೋರೋಪ್ಲಾಸ್ಟಿನಲ್ಲಿ ಮಾಡಿಸುವುದು ನನಗೆ ಜಾಣತನವಾಗಿ ಕಾಣುವುದಿಲ್ಲ. ಅದು ದೊಡ್ಡದು, ಪೊರೆಗೆ ಅಂಟುವಂಥದ್ದು, ವೈರಸ್ಸಿನ ಮೈಮೇಲೆ ಜೋಡಿಯಾಗಿ ನಿಂತಾಗ ಮಾತ್ರ ಅದರ ಸಹಜ ರೂಪ. ಆದರೆ ಅದರ ಮೂರನೆಯ ಭಾಗ ಚಿಕ್ಕದು, ತಾನಾಗಿಯೇ ಮಡಚಿಕೊಳ್ಳುತ್ತದೆ, ಒಂದೇ ಗಂಧಕದ ಸೇತುವೆ ಸಾಕು. ನಾನಾದರೆ ಅಲ್ಲಿಂದ ಆರಂಭಿಸುತ್ತೇನೆ. ವೈರಸ್ಸಿನ ಜೀನನ್ನು ಇದ್ದ ಹಾಗೆ ಹಾಕುವಂತಿಲ್ಲ. ಕ್ಲೋರೋಪ್ಲಾಸ್ಟಿನ ಬರಹದಲ್ಲಿ ಎ ಮತ್ತು ಟಿ ಅಕ್ಷರಗಳೇ ಹೆಚ್ಚು, ಅದರ ಓದಿಗೆ ಒಗ್ಗುವಂತೆ ಅದೇ ಅರ್ಥವನ್ನು ಬೇರೆ ಅಕ್ಷರಗಳಲ್ಲಿ ತಿದ್ದಿ ಬರೆಯಬೇಕು.

ಹಾಗಾದರೆ ಪಾಚಿಯನ್ನು ಒಣಗಿಸಿ ಗುಳಿಗೆ ಮಾಡಿ ನುಂಗಿಸಿದರೆ ಆಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದ ನಮ್ಮ ಊರುಗಳಿಗೆ ಫ್ರಿಜ್ ಬೇಡದ ಲಸಿಕೆ ಎಂದರೆ ದೊಡ್ಡ ಮಾತು. ಸ್ವಿಟ್ಜರ್ಲೆಂಡಿನ ತಂಡವೊಂದು 2010ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಒಣ ಪಾಚಿಯೊಳಗಿನ ಲಸಿಕೆ ಪ್ರೋಟೀನ್ ಕೋಣೆಯ ಉಷ್ಣತೆಯಲ್ಲಿಯೇ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಕೆಡದೆ ಉಳಿದಿತ್ತು. ಆದರೆ ಮಲೇರಿಯಾ ಪ್ರೋಟೀನನ್ನು ಒಣ ಪಾಚಿಯ ರೂಪದಲ್ಲಿ ಇಲಿಗಳಿಗೆ ತಿನ್ನಿಸಿದಾಗ ಕರುಳಿನಲ್ಲಿ ಕೆಲಸ ಮಾಡುವ ಬಗೆಯ ಪ್ರತಿಕಾಯ ಬಂತು, ರಕ್ತದಲ್ಲಿ ಬೇಕಾದ ಬಗೆಯದು ಆ ಪ್ರೋಟೀನಿನ ವಿರುದ್ಧ ಬರಲಿಲ್ಲ. ಉಣುಗು ಕಚ್ಚುವುದು ಚರ್ಮವನ್ನು, ವೈರಸ್ ಓಡಾಡುವುದು ರಕ್ತದಲ್ಲಿ. ಆದ್ದರಿಂದ ಗುಳಿಗೆಯ ದಾರಿಯನ್ನು ಈ ಕಾಯಿಲೆಗೆ ನಾನು ನಂಬುವುದಿಲ್ಲ. ಪ್ರೋಟೀನನ್ನು ಶುದ್ಧಮಾಡಿ, ದೇಹದ ಪ್ರತಿಕ್ರಿಯೆ ಹೆಚ್ಚಿಸುವ ಪೂರಕ ವಸ್ತು ಸೇರಿಸಿ, ಚುಚ್ಚುವ ಲಸಿಕೆಯಾಗಿಯೇ ರೂಪಿಸಬೇಕು. ಅಲ್ಲಿಂದ ಇಲಿ, ಮಂಗ, ಮನುಷ್ಯ ಎಂದು ಪರೀಕ್ಷೆಗಳ ದೀರ್ಘ ದಾರಿ ಇದೆ. ಪಾಚಿಯ ಕ್ಲೋರೋಪ್ಲಾಸ್ಟಿನಲ್ಲಿ ತಯಾರಾಗಿ ಮನುಷ್ಯರ ಬಳಕೆಗೆ ಅನುಮತಿ ಪಡೆದ ಲಸಿಕೆ ಇನ್ನೂ ಒಂದೂ ಇಲ್ಲ. ನಮ್ಮಲ್ಲಿ ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆಯ ಬಳಕೆಯೂ ನಿಂತಿದೆ. ಆದ್ದರಿಂದ ಈ ಬೇಸಿಗೆಯಲ್ಲಿ ನಿಮ್ಮ ಮನೆಯವರು ಕಾಡಿಗೆ ಹೋಗುವಾಗ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡೇ ಹೋಗಲಿ, ಬಂದ ಕೂಡಲೇ ಬಿಸಿನೀರಿನಲ್ಲಿ ಮೈ ತೊಳೆದು ಬಟ್ಟೆ ಬದಲಿಸಲಿ.

ಹೊರಗಿನ ಪ್ರೋಟೀನ್ ಕೆಲವೊಮ್ಮೆ ಪಾಚಿಗೇ ಭಾರವಾಗುತ್ತದೆ, ಕೋಶ ಸೊರಗುತ್ತದೆ. ಅದಕ್ಕೆ ಒಂದು ಸ್ವಿಚ್ಚು ಬೇಕು. 2007ರಲ್ಲಿ ಜಿನೀವಾದ ಜಾನ್ ಡೇವಿಡ್ ರೋಷೆ ಅವರ ತಂಡ ಕಂಡುಕೊಂಡ ಸ್ವಿಚ್ಚು ಅಡಿಕೆ ಬೆಳೆಗಾರರ ಮನೆಯವರಿಗೆ ಬೇಗ ಅರ್ಥವಾಗುತ್ತದೆ: ತಾಮ್ರ. ಕೊಳೆರೋಗಕ್ಕೆ ನಾವು ಸುಣ್ಣದ ಜೊತೆ ಕದಡಿ ಹೊಡೆಯುವ ಮೈಲುತುತ್ತದಲ್ಲಿರುವ ಅದೇ ತಾಮ್ರ. ಈ ಪಾಚಿಗೆ ತಾಮ್ರ ಸಿಗದಿದ್ದಾಗ ಬದಲಿ ಪ್ರೋಟೀನೊಂದನ್ನು ತಯಾರಿಸಲು ಒಂದು ಜೀನ್ ಎಚ್ಚರಗೊಳ್ಳುತ್ತದೆ. ಯಾವಾಗ ಕೆಲಸ ಮಾಡಬೇಕೆಂದು ಹೇಳುವ ಆ ಜೀನಿನ ಆರಂಭದ ತುಂಡನ್ನು ಎರವಲು ಪಡೆದು, ಕ್ಲೋರೋಪ್ಲಾಸ್ಟಿನ ಒಂದು ಜೀನನ್ನು ನಡೆಸುವ ಕೋಶಕೇಂದ್ರದ ಸಹಾಯಕ ಜೀನಿಗೆ ಜೋಡಿಸಿದರು. ನೀರಿನಲ್ಲಿ ತಾಮ್ರವಿದ್ದರೆ ಕೆಲಸ ಬಂದ್, ತಾಮ್ರ ತೆಗೆದರೆ ಚಾಲೂ. ಪಾಚಿಯನ್ನು ಮೊದಲು ದಟ್ಟವಾಗಿ ಬೆಳೆಸಿ, ನಂತರ ಪ್ರೋಟೀನ್ ತಯಾರಿಕೆಗೆ ಹಚ್ಚಲು ಇಂತಹ ಏರ್ಪಾಡು ಬಹಳ ಉಪಯುಕ್ತ.

ಹಳ್ಳಕ್ಕೆ ಸೇರಿದರೆ ಏನು ಗತಿ ಎಂದು ಕೇಳಿದ್ದೀರಿ. ಕ್ಲೋರೋಪ್ಲಾಸ್ಟಿಗೆ ಹಾಕಿದ ಜೀನ್ ಪರಾಗದ ಮೂಲಕ ಹರಡುವುದಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ಮಾತನ್ನು ನೀವು ಕೇಳಿರಬಹುದು. ತಂಬಾಕಿನಂತಹ ಗಿಡದ ವಿಷಯದಲ್ಲಿ ಅದು ಬಹುಮಟ್ಟಿಗೆ ಸರಿ. ಪಾಚಿಗೆ ಆ ಮಾತನ್ನು ಹಾಗೆಯೇ ತಂದು ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ಪಾಚಿಗೆ ಪರಾಗವೇ ಇಲ್ಲ, ಅದು ಹರಡುವುದು ಕೋಶ ಒಡೆದು ಎರಡಾಗಿ, ಎರಡು ನಾಲ್ಕಾಗಿ. ಗಂಡುಹೆಣ್ಣಿನಂತೆ ‘ಪ್ಲಸ್’ ಮತ್ತು ‘ಮೈನಸ್’ ಎಂಬ ಎರಡು ಬಗೆಯ ಕೋಶಗಳು ಕೂಡುವುದೂ ಉಂಟು. ಆಗ ಪ್ಲಸ್ ಕಡೆಯ ಕ್ಲೋರೋಪ್ಲಾಸ್ಟ್ ಡಿಎನ್‌ಎ ಮಾತ್ರ ಉಳಿದು ಮೈನಸ್ ಕಡೆಯದು ಬೇಗನೆ ನಾಶವಾಗುತ್ತದೆ. ಸ್ಟ್ರೆಪ್ಟೋಮೈಸಿನ್ ತಡೆಯುವ ಗುಣ ಹೀಗೆ ಒಂದೇ ಕಡೆಯಿಂದ ಬರುವುದನ್ನು ರೂತ್ ಸೇಗರ್ 1954ರಲ್ಲಿಯೇ ತೋರಿಸಿದ್ದರು. ಮೈನಸ್ ತಳಿ ಬಳಸಿದರೆ ಕೂಡುವಿಕೆಯ ದಾರಿ ಬಹುತೇಕ ಮುಚ್ಚುತ್ತದೆ, ಒಡೆದು ಬೆಳೆಯುವ ದಾರಿ ತೆರೆದೇ ಇರುತ್ತದೆ. ಕೂಡಿದ ಕೋಶ ದಪ್ಪ ಗೋಡೆ ಕಟ್ಟಿಕೊಂಡು ಒಣಗಿದ ಮಣ್ಣಿನಲ್ಲಿ ಮಲಗಿ, ನೀರು ಬಂದಾಗ ಏಳಬಲ್ಲದು ಎಂಬುದನ್ನೂ ಮರೆಯಬಾರದು. ಬೇಸಿಗೆಯಲ್ಲಿ ಬತ್ತುವ ನಮ್ಮ ಕೆರೆಗಳಿಗೆ ಇದು ಸಣ್ಣ ವಿಚಾರವಲ್ಲ.

ಇನ್ನೊಂದು ಕಡೆ, ಪ್ರಯೋಗಾಲಯದಲ್ಲಿ ಸುಖವಾಗಿ ಬೆಳೆದ, ಕೋಶಭಿತ್ತಿ ಕಳೆದುಕೊಂಡ, ಹೊರಗಿನ ಪ್ರೋಟೀನಿನ ಹೊರೆ ಹೊತ್ತ ತಳಿ ತುಂಗೆಯ ನೀರಿನಲ್ಲಿ ಸ್ಥಳೀಯ ಪಾಚಿಗಳೊಂದಿಗೆ ಸೆಣಸಿ ಗೆಲ್ಲುವುದು ಕಷ್ಟ. ನನಗೆ ಹೆಚ್ಚಿನ ಆತಂಕ ಇರುವುದು ಪ್ರತಿಜೀವಕ ತಡೆಯುವ ಜೀನಿನ ಬಗ್ಗೆ, ಏಕೆಂದರೆ ಕ್ಲೋರೋಪ್ಲಾಸ್ಟಿನ ಭಾಷೆ ಬ್ಯಾಕ್ಟೀರಿಯಕ್ಕೂ ಅರ್ಥವಾಗುವಂಥದ್ದು. ಆದ್ದರಿಂದಲೇ 1988ರಂತೆ ದ್ಯುತಿಸಂಶ್ಲೇಷಣೆ ಸರಿಪಡಿಸುವ ಜೀನನ್ನೇ ಗುರುತಾಗಿ ಬಳಸಿ, ಪ್ರತಿಜೀವಕದ ಜೀನನ್ನು ದೂರವಿಡಬೇಕೆಂದು ನಾನು ಒತ್ತಿ ಹೇಳುತ್ತೇನೆ. 2016ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಇನ್ನೂ ಸೊಗಸಾದ ಉಪಾಯ ಮಾಡಿದರು. ಈ ಪಾಚಿಯ ಕ್ಲೋರೋಪ್ಲಾಸ್ಟ್ ‘ಪ್ರೋಟೀನ್ ಇಲ್ಲಿಗೆ ಮುಗಿಯಿತು’ ಎಂದು ಹೇಳುವ ಪೂರ್ಣವಿರಾಮದ ಮೂರು ಚಿಹ್ನೆಗಳಲ್ಲಿ ಒಂದನ್ನು ಬಳಸುವುದೇ ಇಲ್ಲ. ಆ ಚಿಹ್ನೆಗೆ ಟ್ರಿಪ್ಟೊಫಾನ್ (ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂದು) ಎಂಬ ಅರ್ಥ ಕೊಟ್ಟು, ಹೊರಗಿನ ಜೀನಿನೊಳಗೆ ಅದನ್ನು ಸೇರಿಸಿದರು. ಜೀನ್ ಅಕಸ್ಮಾತ್ ಬ್ಯಾಕ್ಟೀರಿಯವೊಂದಕ್ಕೆ ಸೇರಿದರೂ ಅದು ಅಲ್ಲಿಗೇ ಓದು ನಿಲ್ಲಿಸುತ್ತದೆ, ಪ್ರೋಟೀನ್ ಪೂರ್ತಿಯಾಗುವುದಿಲ್ಲ. ಇಷ್ಟೆಲ್ಲ ಇದ್ದರೂ ತೆರೆದ ಹೊಂಡದಲ್ಲಿ ಕುಲಾಂತರಿ ಪಾಚಿ ಬೆಳೆಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ಮಲೆನಾಡಿನಲ್ಲಂತೂ ಸರ್ವಥಾ ಇಲ್ಲ. ಆಗುಂಬೆಯ ಸುತ್ತ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವಲ್ಲಿ ಯಾವ ಹೊಂಡ ತುಂಬಿ ಹರಿಯದೆ ಉಳಿದೀತು? ಮುಚ್ಚಿದ ಪಾತ್ರೆ, ಹೊರಹೋಗುವ ನೀರನ್ನು ಕಾಯಿಸಿ ಬಿಡುವ ವ್ಯವಸ್ಥೆ, ಕುಲಾಂತರಿ ಜೀವಿಗಳ ಕುರಿತ ಕೇಂದ್ರದ 1989ರ ನಿಯಮಗಳ ಪ್ರಕಾರ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಅನುಮತಿ, ಇವಿಲ್ಲದೆ ಕಾಲೇಜಿನ ಮಟ್ಟದಲ್ಲಿಯೂ ಮಣಿ ಅಲುಗಾಡಿಸಬೇಡಿ.

ಕೊನೆಯ ಪ್ರಶ್ನೆಗೆ ಬೇಗ ಉತ್ತರಿಸಬಹುದು. ನಿಮ್ಮ ಕೆರೆಯ ದಡದಲ್ಲಿ ಕೂದಲಿನಂತೆ ತೇಲುವ ಹಸಿರು ಎಳೆ ಸ್ಪೈರೋಗೈರಾ ಇದ್ದೀತು, ಅದು ಏಕಕೋಶದ್ದಲ್ಲ. ಮಳೆಗಾಲದಲ್ಲಿ ಗೋಡೆ ಮತ್ತು ಮರದ ತೊಗಟೆಯ ಮೇಲೆ ಇಟ್ಟಿಗೆ ಬಣ್ಣದ ಮಖಮಲ್ಲಿನಂತೆ ಹರಡುವ ಟ್ರೆಂಟೆಪೋಲಿಯಾ ಕೂಡ ಹಸಿರು ಪಾಚಿಯ ಕುಲದ್ದೇ. ಅಂಗಡಿಯಲ್ಲಿ ಸಿಗುವ ಸ್ಪಿರುಲಿನಾ ಸೈನೋಬ್ಯಾಕ್ಟೀರಿಯ, ಅದರೊಳಗೆ ಕ್ಲೋರೋಪ್ಲಾಸ್ಟೇ ಇಲ್ಲ. ಕೆರೆಯಿಂದ ತಂದ ತಳಿಗೆ ನೇರವಾಗಿ ಜೀನ್ ಹಾಕಲು ಅದರ ಕ್ಲೋರೋಪ್ಲಾಸ್ಟಿನ ಅಕ್ಷರಗಳು ಮೊದಲು ತಿಳಿದಿರಬೇಕು, ಇಲ್ಲವಾದರೆ ಎಡಬಲದ ಅಂಚು ಹೊಂದಿಸುವುದು ಹೇಗೆ? ಕಲಿಯಲು ತಳಿ ಸಂಗ್ರಹಾಲಯದಿಂದ ಗೊತ್ತಿರುವ ತಳಿಯನ್ನೇ ತರಿಸಿಕೊಳ್ಳಿ.

ಆದರೆ ಕೆರೆಯ ನೀರನ್ನು ಖಂಡಿತ ನೋಡಿ. ಪಾರದರ್ಶಕ ಗಾಜಿನ ಸೀಸೆಯಲ್ಲಿ ದಡದ ಕೆಸರಿನ ಮೇಲಿನ ನೀರನ್ನು ತುಂಬಿ, ಸೀಸೆಗೆ ಕಪ್ಪು ಕಾಗದ ಸುತ್ತಿ, ಒಂದು ಕಡೆ ಬೆರಳಗಲದ ಸೀಳು ಬಿಟ್ಟು ಕಿಟಕಿಯ ಬಳಿ ಇಡಿ. ಈಜುವ ಪಾಚಿಗಳಿದ್ದರೆ ಕೆಲವು ಗಂಟೆಗಳಲ್ಲಿ ಸೀಳಿನ ಗಾಜಿಗೆ ಒತ್ತಿಕೊಂಡು ತೆಳು ಹಸಿರು ಗೆರೆ ಮೂಡುತ್ತದೆ. ಡ್ರಾಪರಿನಿಂದ ಅದೇ ಗೆರೆಯ ಒಂದು ಹನಿ ತೆಗೆದು ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ನಾನೂರು ಪಟ್ಟು ಹಿಗ್ಗಿಸಿ ನೋಡಿ. ದುಂಡಗೆ ಉರುಳುತ್ತಾ ಈಜುವ ಕೋಶ ಸಿಕ್ಕರೆ ಅದು ನಿಲ್ಲುವವರೆಗೆ ಕಾಯಿರಿ. ಬಟ್ಟಲಿನ ಅಂಚು, ಅದರ ಪಕ್ಕದ ಕಿತ್ತಳೆ ಚುಕ್ಕೆ ಆಗ ಕಾಣಿಸುತ್ತವೆ.